ಅಮ್ಮನ ಮಂಡಿ: ಆಪರೇಷನ್ ಈಗಲೇ ಮಾಡಿಸಬೇಕಾ, ಮಾತ್ರೆಯಲ್ಲೇ ದಿನ ತಳ್ಳಬಹುದಾ?

ಹೊಸನಗರದ ಹುಡುಗ:
ನಮ್ಮಮ್ಮನಿಗೆ 66. ಎರಡೂ ಮಂಡಿ ನೋವು, ಎಡಗಡೆ ಜಾಸ್ತಿ, ನಿಂತರೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ. ನಲವತ್ತು ವರ್ಷ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಜೀವ. ಈಗ ತೋಟಕ್ಕೆ ಇಳಿಯುವುದೇ ಬಿಟ್ಟಿದ್ದಾರೆ. ಇಳಿದರೆ ಹತ್ತುವವರು ಯಾರು? ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರು ಎರಡು ವರ್ಷದ ಹಿಂದೆ ಮಲಗಿಸಿ ತೆಗೆದ ಎಕ್ಸ್‌ರೇ ನೋಡಿ, ಮಂಡಿ ಮುಟ್ಟದೆ, "ಎರಡೂ ಬದಲಿಸೋಣ" ಅಂದರು. ಊರಲ್ಲಿ ಇನ್ನೊಬ್ಬರು ಹಂದಿಗೋಡು ಕಾಯಿಲೆ ಇರಬಹುದು ಅಂತ ಹೆದರಿಸಿದ್ದಾರೆ. ಶುಗರ್ ಬೇರೆ ಇದೆ. ಸದ್ಯಕ್ಕೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ, ದಿನಕ್ಕೆ ಎರಡು. ಏನು ಮಾಡಲಿ?

ಸಾಗರದವಳು:
ಹಂದಿಗೋಡು ಭಯ ಬಿಡಿ. ಅದು 1970ರ ದಶಕದಲ್ಲಿ ನಮ್ಮ ತಾಲ್ಲೂಕಿನ ಆ ಊರಲ್ಲಿ ಮೊದಲು ಗಮನಕ್ಕೆ ಬಂದದ್ದು, ಕೆಲವು ಕುಟುಂಬಗಳಲ್ಲಿ ವಂಶದಲ್ಲೇ ಇಳಿದು ಬರುತ್ತದೆ, ಚಿಕ್ಕ ವಯಸ್ಸಿನಲ್ಲೇ ಸೊಂಟ, ಮಂಡಿ ಹಿಡಿಯುತ್ತದೆ.

ಆದರೆ ಒಂದು ವಿಷಯ ಕೇಳಿ. ಬೆಳಿಗ್ಗೆ ಎದ್ದಾಗ ಕೀಲು ಬಿಗಿಯುತ್ತದಾ, ಎಷ್ಟು ಹೊತ್ತು? ಬೆರಳ ಗೆಣ್ಣು ಊದುತ್ತದಾ? ನನ್ನ ಅಮ್ಮನಿಗೆ ಒಂದು ಕ್ಲಿನಿಕ್ಕಿನಲ್ಲಿ "ವಯಸ್ಸಾಯಿತು, ಸವೆತ" ಅಂತ ಎರಡು ವರ್ಷ ಮಂಡಿಗೆ ಇಂಜೆಕ್ಷನ್ ಚುಚ್ಚಿದರು. ಬೆಳಿಗ್ಗೆ ಒಂದೂವರೆ ಗಂಟೆ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಅದನ್ನು ಯಾರೂ ಕೇಳಲೇ ಇಲ್ಲ. ಕೊನೆಗೆ ಇಎಸ್‌ಆರ್, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಅಂತ ಗೊತ್ತಾಯಿತು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ವಾತ. ಅದಕ್ಕೆ ಮದ್ದೇ ಬೇರೆ. ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ, ಜೊತೆಗೆ ಫೋಲಿಕ್ ಆಸಿಡ್. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು, ಅದಕ್ಕೆ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಸುತ್ತು ಹಾಕಿಟ್ಟಿದ್ದೇನೆ.

ಹೊಸನಗರದ ಹುಡುಗ:
ಬಿಗಿತ ಹತ್ತು ನಿಮಿಷ ಅಷ್ಟೇ. ಬೆರಳೆಲ್ಲ ಸರಿಯಾಗಿದೆ, ಇನ್ನೂ ಅಕ್ಕಿರೊಟ್ಟಿ ತಟ್ಟುತ್ತಾರೆ.

ಫಿಜಿಯೋ, ತೀರ್ಥಹಳ್ಳಿ:
ಹಾಗಾದರೆ ಸವೆತವೇ ಇರಬೇಕು. ಕಾಲು ಹಾಗೆ ಬಾಗಿದೆ ಅಂದರೆ ಸಾಮಾನ್ಯವಾಗಿ ಮಂಡಿಯ ಒಳಬದಿ ಸವೆದಿರುತ್ತದೆ. ನಿಲ್ಲಿಸಿ ಎಕ್ಸ್‌ರೇ ತೆಗೆಸಿ. ಮಲಗಿದಾಗ ಮೈಭಾರ ಮಂಡಿ ಮೇಲೆ ಬೀಳುವುದಿಲ್ಲ, ಎಲುಬುಗಳ ನಡುವೆ ಇಲ್ಲದ ಜಾಗವೂ ಇದ್ದ ಹಾಗೆ ಕಾಣುತ್ತದೆ. ಎಂಆರ್‌ಐ ಬೇಕಾಗುವುದಿಲ್ಲ, ದುಡ್ಡು ಉಳಿಸಿ.

ಆ ಮಾತ್ರೆ ವಿಷಯಕ್ಕೆ ಮಾತ್ರ ನಾನು ಜಗಳಕ್ಕೇ ಬರುತ್ತೇನೆ. ಶುಗರ್ ಇರುವವರು ನೋವಿನ ಮಾತ್ರೆ ದಿನಾ ಎರಡು ನುಂಗಿದರೆ ಕಿಡ್ನಿ ಕಥೆ ಏನು? ಕ್ರಿಯಾಟಿನಿನ್ ಒಮ್ಮೆ ನೋಡಿಸಿ. ಡೈಕ್ಲೋಫೆನಾಕ್ ಜೆಲ್ ಮಂಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಟ್ಟೆಗೆ ಅಷ್ಟು ಹೊಡೆಯುವುದಿಲ್ಲ. ಹೆಸರಿಲ್ಲದ ಪುಡಿ, ಕ್ಯಾಪ್ಸೂಲ್ ಯಾರಾದರೂ ಕೊಟ್ಟರೆ ಮುಟ್ಟಬೇಡಿ, ಎಷ್ಟೋ ಸಲ ಒಳಗೆ ಸ್ಟೀರಾಯ್ಡ್ ಇರುತ್ತದೆ. ಮಂಡಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ, ಆದರೆ ಶುಗರ್ ಏರಿಸುತ್ತದೆ, ಮತ್ತೆ ಅದಾಗಿ ಮೂರು ತಿಂಗಳವರೆಗೆ ಆಪರೇಷನ್ ಮಾಡುವುದಿಲ್ಲ, ಸೋಂಕಿನ ಭಯಕ್ಕೆ.

ತೊಡೆ ಸ್ನಾಯುವಿನ ವ್ಯಾಯಾಮ ಇವತ್ತೇ ಶುರು ಮಾಡಿಸಿ. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ.

ನಿವೃತ್ತ ಮೇಷ್ಟ್ರು:
ತಮ್ಮಾ, ನನಗೆ ಎರಡೂ ಮಂಡಿ ಆಗಿದೆ, ಎಂಟು ತಿಂಗಳ ಅಂತರದಲ್ಲಿ. ಎಕ್ಸ್‌ರೇ ಎಷ್ಟೇ ಕೆಟ್ಟದಿರಲಿ, ಅಮ್ಮ ಓಡಾಡಿಕೊಂಡು ರಾತ್ರಿ ನಿದ್ದೆ ಮಾಡುತ್ತಿದ್ದರೆ ಅವಸರವಿಲ್ಲ. ನಿದ್ದೆ ಹೋಯಿತು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು ಅಂದರೆ ಕಾಯಬೇಡಿ. ನಾನು ಮೊಂಡು ಹಿಡಿದು ನಾಲ್ಕು ವರ್ಷ ಕಾದೆ. ಅಷ್ಟರಲ್ಲಿ ಕಾಲು ನೆಟ್ಟಗೆ ನೀಡಲು ಬಾರದ ಹಾಗಾಗಿತ್ತು, ಆಮೇಲೆ ಅದನ್ನು ಸರಿಮಾಡಿಕೊಳ್ಳಲು ಪಟ್ಟ ಪಾಡು ನನಗೇ ಗೊತ್ತು.

ಮಂಡಿಯನ್ನೇ ಕಿತ್ತು ಹಾಕುತ್ತಾರೆ ಅಂದುಕೊಂಡಿದ್ದೆ, ಹಾಗಲ್ಲ. ಸವೆದ ಎಲುಬಿನ ತುದಿ ತೆಳ್ಳಗೆ ಕತ್ತರಿಸಿ ಲೋಹದ ಟೋಪಿ ಹಾಕುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಮಾರನೇ ದಿನವೇ ವಾಕರ್ ಹಿಡಿಸಿ ನಡೆಸಿದರು. ಹೆಚ್ಚಿನವರಿಗೆ 15 ವರ್ಷಕ್ಕಿಂತ ಜಾಸ್ತಿ ಬರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಈ ಕೀಲುಗಳ ಬೆಲೆಗೆ ಮಿತಿ ಹಾಕಿತು, ಮಾಮೂಲಿ ಕೋಬಾಲ್ಟ್ ಕ್ರೋಮಿಯಂದಕ್ಕೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಅಂತ. ಈಗಿನ ದರ ಕೇಳಿಕೊಳ್ಳಿ, ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯೇ ಬರೆಸಿ. ನನಗೆ ಒಂದು ಕಡೆ ಚಿನ್ನದ ಬಣ್ಣದ್ದು ತೋರಿಸಿ "ಇದು ಜೀವನಪೂರ್ತಿ" ಅಂದರು, ನಾನು ಎದ್ದು ಬಂದೆ.

ಆಮೇಲೆ ಕುಕ್ಕುರುಗಾಲಲ್ಲಿ ಕೂರುವಂತಿಲ್ಲ. ಕಮೋಡ್ ಮೊದಲೇ ಹಾಕಿಸಿ. ಮಳೆಗಾಲದಲ್ಲಿ ಮಾಡಿಸಬೇಡಿ, ಜಾರುವ ಅಂಗಳದಲ್ಲಿ ವಾಕರ್ ಹಿಡಿದು ನಡೆದು ನೋಡಿದ್ದೇನೆ, ಬೇಡ.

ಹೊಸನಗರದ ಹುಡುಗ:
ಎಲ್ಲರಿಗೂ ಉಪಕಾರ. ಬೇರೆ ಡಾಕ್ಟರ ಹತ್ತಿರ ಹೋಗಿ ಬಂದೆವು, ನಿಲ್ಲಿಸಿ ಎಕ್ಸ್‌ರೇ ತೆಗೆದರು. ಎಡಮಂಡಿ ಒಳಬದಿ ಎಲುಬಿಗೆ ಎಲುಬು ತಾಗಿದೆ, ಬಲಗಡೆ ಇನ್ನೂ ಜಾಗ ಇದೆ. ಎಡದ್ದು ಮಾತ್ರ ಮಾಡೋಣ, ಅದಕ್ಕೂ ಮೊದಲು ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 9ರಿಂದ ಇಳಿಯಬೇಕು ಅಂದರು. ಕ್ರಿಯಾಟಿನಿನ್ ಸ್ವಲ್ಪ ಏರಿತ್ತು, ಆ ಮಾತ್ರೆ ಡಬ್ಬಿ ನಾನೇ ಎಸೆದೆ. ಅಮ್ಮ ಒಪ್ಪಿದ್ದಾರೆ, ಆದರೆ ಸುಗ್ಗಿ ಮುಗಿಯಲಿ ಅನ್ನುತ್ತಿದ್ದಾರೆ. ಸುಲಿಯುವುದಿಲ್ಲವಂತೆ, ಕುರ್ಚಿ ಹಾಕಿಕೊಂಡು ಕೂತು ಸುಲಿಯುವವರನ್ನು ನೋಡಿಕೊಳ್ಳುತ್ತಾರಂತೆ. ಕಮೋಡ್ ಹಾಕುವವರು ನಾಳೆ ಬರುತ್ತಾರೆ.