ಚನ್ನಪಟ್ಟಣದಿಂದ ಹ್ಯಾಂಬರ್ಗ್‌ಗೆ 40 ಡಬ್ಬ ಬೊಂಬೆ: ಹಡಗೋ ವಿಮಾನವೋ?

ಬೊಂಬೆಮನೆ:
ಅಪ್ಪನ ಕಾಲದಿಂದ ಅರಗಿನ ಬಣ್ಣದ ಬೊಂಬೆ ಮಾಡೋರು ನಾವು. ಇಷ್ಟು ದಿನ ಹೆದ್ದಾರಿ ಪಕ್ಕದ ಅಂಗಡಿಗಳಿಗೇ ಕೊಡ್ತಿದ್ದೆ. ಈಗ ಹ್ಯಾಂಬರ್ಗ್‌ನಿಂದ ಮೊದಲ ಆರ್ಡರ್. 40 ಡಬ್ಬ, ಒಂದೊಂದೂ 60×45×45 ಸೆಂ.ಮೀ., ತಲಾ 14 ಕೆಜಿ. ಐಇಸಿ, ಅಂದ್ರೆ ರಫ್ತು ಮಾಡೋಕೆ ಬೇಕಾದ ಸರ್ಕಾರಿ ನಂಬರು, ಮಾಡಿಸಿದ್ದಾಯ್ತು. ಒಟ್ಟು ತೂಕ 560 ಕೆಜಿ, ಆದ್ರೆ ವಿಮಾನದ ಏಜೆಂಟು 810 ಕೆಜಿಗೆ ದರ ಹಾಕಿದ್ದಾರೆ. ಟೋಪಿ ಹಾಕ್ತಿದ್ದಾರಾ?

ಶಿಪ್ಪಿಂಗ್‌ಬಿಲ್:
ಇಲ್ಲ ಅಣ್ಣ, ಲೆಕ್ಕ ಸರಿಯಾಗೇ ಇದೆ. ನಾನು ವೈಟ್‌ಫೀಲ್ಡ್ ಐಸಿಡಿ (ಕಂಟೇನರ್ ಡಿಪೋ) ಹತ್ರ ಕಸ್ಟಮ್ಸ್ ಏಜೆಂಟರ ಆಫೀಸಲ್ಲಿದ್ದೀನಿ, ದಿನಾ ಇದೇ ಜಗಳ. ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿ: ಡಬ್ಬಕ್ಕೆ 20.25 ಕೆಜಿ. ನಿಜವಾದ ತೂಕ, ಜಾಗದ ಲೆಕ್ಕದ ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ.

ಹಡಗಲ್ಲಿ ಕಳಿಸಿ. ನಿಮ್ಮದು 4.86 ಘನ ಮೀಟರ್. ಕಂಟೇನರ್ ತುಂಬಲ್ಲ, ಹಾಗಾಗಿ ಎಲ್‌ಸಿಎಲ್, ಅಂದ್ರೆ ನಾಲ್ಕಾರು ಜನರ ಮಾಲಿನ ಜೊತೆ. ಅಲ್ಲಿ 1 ಘನ ಮೀಟರಿಗೆ 1000 ಕೆಜಿ ಲೆಕ್ಕ, ಬೊಂಬೆಯಂಥ ಹಗುರ ಮಾಲಿಗೆ ಜಾಗಕ್ಕೇ ದುಡ್ಡು. ಪ್ಯಾಲೆಟ್ (ಡಬ್ಬ ಜೋಡಿಸೋ ಹಲಗೆ) ಮೇಲಿಟ್ರೆ ಅದರ ಎತ್ತರವೂ ಸೇರುತ್ತೆ! ಮರದ ಪ್ಯಾಲೆಟ್ ಆದ್ರೆ ಮರದಲ್ಲಿ ಹುಳ ಸಾಗದಂತೆ ಸಂಸ್ಕರಿಸಿದ್ದಕ್ಕೆ ಹಾಕೋ ಐಎಸ್‌ಪಿಎಂ 15ರ ಗೋಧಿ ತೆನೆ ಮುದ್ರೆ ಇರಲೇಬೇಕು.

ಅದಕ್ಕಿಂತ ಮುಂಚೆ ಒಂದು ಮಾತು. ಮಕ್ಕಳ ಆಟಿಕೆಗೆ ಯುರೋಪಲ್ಲಿ ಸಿಇ ಗುರುತು ಬೇಕು, ಅಂದ್ರೆ ಅಲ್ಲಿನ ಸುರಕ್ಷತೆ ನಿಯಮಕ್ಕೆ ಸರಿ ಅನ್ನೋ ಗುರುತು. ಪರೀಕ್ಷೆ ಯಾರು ಮಾಡಿಸ್ತಾರೆ ಅಂತ ಗಿರಾಕಿ ಹತ್ರ ಈಗಲೇ ಬರೆಸಿಕೊಳ್ಳಿ.

ಊದುಬತ್ತಿ_ಮೈಸೂರು:
ದರ ಎಲ್ಲಿವರೆಗೆ ಅಂತಾನೂ ಬರೆಸಿಕೊಳ್ಳಿ ಸಾರ್. ನನ್ನ ಮೊದಲ ಲೋಡು ಸಿಐಎಫ್‌ಗೆ ಒಪ್ಪಿಕೊಂಡೆ, ಅಂದ್ರೆ ಅವರ ಬಂದರಿನವರೆಗೆ ಹಡಗು ಬಾಡಿಗೆ, ವಿಮೆ ನಂದೇ. ಬಾಡಿಗೆ ಅಷ್ಟು ಅಗ್ಗ ಸಿಕ್ತಲ್ಲ ಅಂತ ಹಿಗ್ಗಿದ್ದೇ ಹಿಗ್ಗಿದ್ದು. ಮಾಲು ಇಳಿದ ಮೇಲೆ ಆ ಕಡೆಯ ಏಜೆಂಟು ಗೋದಾಮು, ಬಿಡಿಸೋ ಖರ್ಚು ಅಂತ ಬಾಡಿಗೆಗಿಂತ ದೊಡ್ಡ ಬಿಲ್ಲು ಗಿರಾಕಿ ಕೈಗಿಟ್ಟ. ಅವರು ನನ್ನ ಮೇಲೆ ಹರಿಹಾಯ್ದರು, ಅರ್ಧ ನಾನೇ ಕಟ್ಟಿದೆ. ಈಗೆಲ್ಲ ಎಫ್‌ಓಬಿ ಚೆನ್ನೈ ಅಷ್ಟೇ. ಹಡಗು ಹತ್ತಿಸೋವರೆಗೆ ನಂದು, ಆಮೇಲಿನ ಏಜೆಂಟು ಅವರದೇ.

ಶಿಪ್ಪಿಂಗ್‌ಬಿಲ್:
ಬಾಕಿ ದುಡ್ಡು ಬರೋವರೆಗೂ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡೋ ಮಾಲಿನ ರಸೀದಿ) ಒರಿಜಿನಲ್ ಮಾತ್ರ ಕಳಿಸಬೇಡಿ ಅಣ್ಣ. ಮಾಲಿನ ಬೀಗದ ಕೈ ಅದೇ.

ಬೊಂಬೆಮನೆ:
ಈಗ ಅರ್ಥ ಆಯ್ತು. ತಲೆ ಆಡಿಸೋ ಬೊಂಬೆಗಳನ್ನ ನಿಲ್ಲಿಸಿ ಇಟ್ಟಿದ್ದೆ, ಅರ್ಧ ಡಬ್ಬ ಬರೀ ಗಾಳಿ. ತಲೆ ಬಿಚ್ಚಿ ಮಲಗಿಸಿದ್ರೆ 30 ಡಬ್ಬಕ್ಕೆ ಇಳಿಯುತ್ತೆ ಅನ್ಸುತ್ತೆ. ನಾಳೆ ಕಟ್ಟಿ ನೋಡಿ ಅಳತೆ ಹಾಕ್ತೀನಿ.