₹7,800ರ ಶೇವಿಂಗ್ ಬ್ರಷ್ ತೊಗೊಳ್ಳೋದಾ, ಬೇಡ್ವಾ?

ಮಂಡಿಪೇಟೆ ಲೆಕ್ಕಿಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಶೇವಿಂಗ್ ಬ್ರಷ್ ನೋಡಿಟ್ಟಿದ್ದೇನೆ. ಬ್ಯಾಜರ್ ಅನ್ನೋ ಕಾಡುಪ್ರಾಣಿಯ ಕೂದಲು, ಅದರಲ್ಲೂ ಸಿಲ್ವರ್‌ಟಿಪ್ ಅನ್ನೋ ಮೇಲ್ದರ್ಜೆಯದು, ಹೊರದೇಶದ್ದು, ₹7,800. ನಾನು ಮಂಡಿಪೇಟೆಯಲ್ಲಿ ಒಂದು ಸಗಟು ಅಂಗಡಿಯ ಲೆಕ್ಕ ಬರೆಯುವವನು. ಅಷ್ಟು ದುಡ್ಡಿಗೆ ನಮ್ಮ ಮನೆಗೆ ಎರಡು ತಿಂಗಳ ಕಿರಾಣಿ ಬರುತ್ತದೆ. ಅದಕ್ಕೇ ನಾಲ್ಕು ಜನರನ್ನು ಕೇಳೋಣ ಅಂತ ಬಂದೆ.

ಸುಮ್ನೆ ಶೋಕಿಗೆ ಅಲ್ಲ. ಮೂರು ಬ್ಲೇಡಿನ ರೇಜರ್, ಡಬ್ಬಿ ಫೋಮ್ ಬಳಸುತ್ತಿದ್ದಾಗ ಕತ್ತಿನ ಸುತ್ತ ಕೆಂಪು ಗುಳ್ಳೆ ಏಳುತ್ತಿದ್ದವು. ಕಾಲರ್ ತಾಗಿದರೆ ಉರಿ. ಹೋದ ವರ್ಷ ಅದನ್ನೆಲ್ಲ ಬಿಟ್ಟು, ಅಪ್ಪಾಜಿಯ ಹಳೇ ರೇಜರ್ ತೊಳೆದು, ಒಂದೇ ಬ್ಲೇಡ್ ಹಾಕುವಂಥದ್ದು, ಅದರಲ್ಲಿ ಶುರು ಮಾಡಿದೆ. ಗುಳ್ಳೆ ಅರ್ಧ ಕಡಿಮೆಯಾದವು. ಈಗ ತೊಂದರೆ ನೊರೆಯದ್ದು. ಅಶೋಕ ರಸ್ತೆಯಲ್ಲಿ ₹80 ಕೊಟ್ಟು ತಂದ ಬ್ರಷ್ ನನ್ನದು. ಟ್ಯೂಬ್ ಕ್ರೀಮ್ ಹಾಕಿ ಎಷ್ಟು ತಿರುಗಿಸಿದರೂ ನೊರೆ ತೆಳ್ಳಗೆ. ಬಲ ಕೆನ್ನೆ ಮುಗಿಸಿ ಎಡಕ್ಕೆ ಬರುವಷ್ಟರಲ್ಲಿ ಅಲ್ಲಿ ಹಚ್ಚಿದ್ದು ಒಣಗಿ, ಗೋಡೆಯ ಸುಣ್ಣದ ಹಾಗೆ ಬಿಳಿ ಪುಡಿಯಾಗಿ ಕೂತಿರುತ್ತದೆ. ಅದರ ಮೇಲೇ ಬ್ಲೇಡ್ ಎಳೆಯಬೇಕು. ಗಲ್ಲದ ಮೇಲೆ ದಿನಕ್ಕೆರಡು ಕೂದಲು ಬೇರೆ ಉದುರುತ್ತವೆ, ಬ್ರಷ್‌ದು.

ಅಪ್ಪಾಜಿಯ ಬ್ರಷ್ಷೂ ಇದೆ. ಕೂದಲು ಸವೆದು ಮೋಟಾಗಿದೆ, ಹಿಡಿ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಅದನ್ನು ಬಳಸೋಕೆ ಆಗಲ್ಲ, ಎಸೆಯೋಕೆ ಮನಸ್ಸಿಲ್ಲ.

ದುಬಾರಿ ಬ್ರಷ್ ತೊಗೊಂಡರೆ ನೊರೆ ಸರಿಯಾಗುತ್ತಾ? ಬಳಸಿದವರು ದಯವಿಟ್ಟು ಹೇಳಿ.

ಚಂದ್ರವಳ್ಳಿ ನಡಿಗೆ, ಚಿತ್ರದುರ್ಗ

ಅಣ್ಣಾ, ನನ್ನ ಹತ್ತಿರ ಸಿಲ್ವರ್‌ಟಿಪ್ ಇದೆ. ಮೂರು ವರ್ಷವಾಯಿತು. ಮೊದಲು ಚೆನ್ನಾಗಿರೋದನ್ನೇ ಹೇಳುತ್ತೇನೆ. ಬಿಸಿನೀರಿನಲ್ಲಿ ಅದ್ದಿ ಮುಖಕ್ಕೆ ಒತ್ತಿದರೆ ತುದಿ ಚುಚ್ಚುವುದೇ ಇಲ್ಲ. ಬ್ಯಾಜರ್ ಕೂದಲು ನೀರನ್ನು ತುಂಬಾ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಆ ಬಿಸಿ ಕೆನ್ನೆಯ ಮೇಲೆ ಹಾಗೇ ನಿಲ್ಲುತ್ತದೆ. ಚಳಿಗಾಲದ ಬೆಳಗ್ಗೆ ಆರು ಗಂಟೆಗೆ ಆ ಸುಖ ಬೇರೆ.

ಈಗ ಇನ್ನೊಂದು ಕಡೆ. ಬ್ಯಾಜರ್ ಕೂದಲನ್ನು ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ವಿಂಗಡಿಸುತ್ತಾರೆ. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ ಸೂಪರ್ ಇನ್ನೊಬ್ಬರ ಸಿಲ್ವರ್‌ಟಿಪ್ ಆಗಿರಬಹುದು. ಹೆಸರಿಗೇ ದುಡ್ಡು ಕೊಡಬೇಡಿ. ಕೂದಲು ಹೆಚ್ಚಾಗಿ ಚೀನಾದಿಂದ ಬರುತ್ತದೆ, ಪ್ರಾಣಿಯನ್ನು ಕೊಂದು ತೆಗೆದದ್ದು. ನನಗೆ ಇದು ಗೊತ್ತಾಗಿದ್ದು ಕೊಂಡ ಮೇಲೆ. ಮೊದಲೇ ಗೊತ್ತಿದ್ದರೆ ಬಹುಶಃ ತೊಗೊಳ್ಳುತ್ತಿರಲಿಲ್ಲ.

ಇನ್ನು ಆರೈಕೆ. ಒಂದು ಮಳೆಗಾಲ ಊರಿಗೆ ಹೊರಟ ಆತುರದಲ್ಲಿ ಒದ್ದೆ ಬ್ರಷ್ ಅದರ ಡಬ್ಬಿಗೇ ಹಾಕಿ ಮುಚ್ಚಿದೆ. ನಾಲ್ಕು ದಿನ ಬಿಟ್ಟು ತೆಗೆದರೆ ಬೂಷ್ಟಿನ ವಾಸನೆ. ತೊಳೆದು ಒಣಗಿಸಿದೆ, ಆದರೆ ನಡುವಿನಿಂದ ಕೂದಲು ಬರೋಕೆ ಶುರುವಾಯಿತು, ಇವತ್ತಿಗೂ ನಿಂತಿಲ್ಲ. ಹೊಟ್ಟೆ ಉರಿಯುತ್ತದೆ.

ನುಣುಪಿನ ಮಾತಿಗೆ ಬಂದರೆ, ಗಡ್ಡ ನುಣ್ಣಗೆ ಹೋಗೋದು ಬ್ಲೇಡಿನಿಂದ, ನೊರೆಯಿಂದ. ಬ್ರಷ್ ಕೊಡೋದು ಹಿತ. ನೀವು ಟ್ಯೂಬ್ ಕ್ರೀಮ್ ಬಳಸುತ್ತೀರಿ. ಅದು ಯಾವ ಬ್ರಷ್‌ನಲ್ಲಾದರೂ ನೊರೆ ಬರಬೇಕು. ಬರುತ್ತಿಲ್ಲ ಅಂದರೆ ಬೇರೆ ಏನೋ ಇದೆ.

ಹೊಂಡದ ಸರ್ಕಲ್ ಕಟಿಂಗ್ ಶಾಪ್, ದಾವಣಗೆರೆ

ತಮ್ಮಾ, ನಾನು 26 ವರ್ಷದಿಂದ ಕತ್ತರಿ ಹಿಡಿದವನು. ನೀನು ಬರೆದದ್ದು ಓದಿದ ಕೂಡಲೇ ಕೇಳಬೇಕು ಅನ್ನಿಸಿತು. ನಿನ್ನ ಮನೆಯಲ್ಲಿ ಯಾವ ನೀರು?

ನಮ್ಮ ಶಾಪಿನಲ್ಲಿ ನಲ್ಲಿ ನೀರು ಬಂದ ದಿನ ನೊರೆ ಮೊಸರಿನ ಹಾಗೆ ನಿಲ್ಲುತ್ತದೆ. ನಲ್ಲಿ ನಿಂತು ಬೋರ್ ನೀರು ತುಂಬಿದ ದಿನ ಅದೇ ಬ್ರಷ್, ಅದೇ ಕ್ರೀಮ್, ಅದೇ ಕೈ, ನೊರೆ ಮಾತ್ರ ನೀರಾಗಿ ಇಳಿಯುತ್ತದೆ. ಎರಡು ಪಟ್ಟು ಕ್ರೀಮ್ ಹೋಗುತ್ತದೆ. ಗಿರಾಕಿ ಕೆನ್ನೆ ಉರಿ ಅಂತಾನೆ. ತಪ್ಪು ಬ್ರಷ್‌ದೂ ಅಲ್ಲ, ನಮ್ಮದೂ ಅಲ್ಲ.

ಒಂದು ಪರೀಕ್ಷೆ ಮಾಡು. ಎರಡು ಖಾಲಿ ಬಾಟಲಿ ತೊಗೋ. ಒಂದಕ್ಕೆ ಮನೆ ನೀರು ಅರ್ಧ, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು ಅರ್ಧ. ಎರಡಕ್ಕೂ ಕಡಲೆಬೇಳೆಯಷ್ಟು ಸ್ನಾನದ ಸೋಪು ಕೆರೆದು ಹಾಕಿ ಜೋರಾಗಿ ಅಲ್ಲಾಡಿಸು. ಆಮೇಲೆ ಬಂದು ಇಲ್ಲಿ ಬರಿ.

ಬ್ರಷ್ ಹಿಡಿಯೋದೂ ಹೇಳುತ್ತೇನೆ. ಒದ್ದೆ ಮಾಡಿ ಎರಡು ಸಲ ಗಟ್ಟಿಯಾಗಿ ಒದರು. ಕ್ರೀಮ್ ಬೆರಳ ತುದಿಯಷ್ಟು ಸಾಕು. ಮೊದಲು ಒಣ ಒಣ ಅನ್ನಿಸುವ ಹಾಗೇ ತಿರುಗಿಸು, ಆಮೇಲೆ ಬ್ರಷ್ ತುದಿ ಮಾತ್ರ ನೀರಿಗೆ ತಾಗಿಸು, ಮತ್ತೆ ತಿರುಗಿಸು. ಹೀಗೆ ಮೂರು ಸಲ. ಹೊಳಪು ಬರುತ್ತದೆ, ಆಗ ನಿಲ್ಲಿಸು. ಎಲ್ಲರೂ ಮೊದಲೇ ಬ್ರಷ್ ತುಂಬಾ ನೀರು ತಂದು ಕೆಡಿಸುತ್ತಾರೆ.

₹7,800 ಬೇಡ ತಮ್ಮಾ. ನಾನು ಕಲಿತದ್ದು ಹಂದಿ ಕೂದಲಿನ ಬ್ರಷ್‌ನಲ್ಲಿ. ಮೊದಲ ತಿಂಗಳು ಚುಚ್ಚುತ್ತದೆ, ಆಮೇಲೆ ತುದಿ ಸೀಳಿ ಮೆತ್ತಗಾಗುತ್ತದೆ. ಆದರೆ ಪ್ರತಿ ಸಲ ನೆನೆಸಬೇಕು. ಈಗಿನ ಸಿಂಥೆಟಿಕ್‌ಗೆ ಆ ಕಾಟವೂ ಇಲ್ಲ. ಒದರಿ ಇಟ್ಟರೆ ಬೇಗ ಒಣಗುತ್ತದೆ. ₹500ರಿಂದ ₹1,000ದ ಒಳಗೆ ಒಳ್ಳೇದು ಸಿಗುತ್ತದೆ.

ಕೆಮಿಸ್ಟ್ರಿ ಮೇಡಂ, ಚಿತ್ರದುರ್ಗ

ಕಟಿಂಗ್ ಶಾಪ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಅದಕ್ಕೇ ಗಡಸು ನೀರು ಅನ್ನೋದು. ಶೇವಿಂಗ್ ಕ್ರೀಮ್ ಅಂದರೆ ಬಹುಪಾಲು ಸ್ಟಿಯರಿಕ್ ಆಮ್ಲ ಮತ್ತು ಪೊಟ್ಯಾಷ್ ಸೇರಿದ ಸೋಪು. ಆ ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಜಿಡ್ಡಾಗಿ ಬಿಡುತ್ತದೆ. ನೊರೆಯಾಗಬೇಕಿದ್ದ ಸೋಪು ಅಲ್ಲಿಗೇ ಖರ್ಚು. ನಿಮ್ಮ ಕೆನ್ನೆಯ ಮೇಲಿನ ಬಿಳಿ ಪುಡಿಯಲ್ಲಿ ಅದರದ್ದೇ ಪಾಲು ಹೆಚ್ಚಿರಬೇಕು.

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ನಮ್ಮ ಕಡೆಯ ಎಷ್ಟೋ ಬೋರ್‌ಗಳ ನೀರು ಗಡಸು. ಗೀಸರ್ ಕಾಯಿಲ್ ಬಿಚ್ಚಿ ನೋಡಿ, ಬಿಳಿ ಪದರ ಕಟ್ಟಿದ್ದರೆ ಬೇರೆ ಪುರಾವೆ ಬೇಡ. ಕುದಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಬ್ರಷ್‌ನ ಬುಡದಲ್ಲೂ ಇದೇ ಜಿಡ್ಡು ಕೂತಿರುತ್ತದೆ. ಒಂದು ಲೋಟ ಬೆಚ್ಚಗಿನ ನೀರಿಗೆ ನಿಂಬೆಹಣ್ಣು ಹಿಂಡಿ ಹತ್ತು ನಿಮಿಷ ಅದ್ದಿಡಿ, ಆಮೇಲೆ ತೊಳೆಯಿರಿ.

ಮಂಡಿಪೇಟೆ ಲೆಕ್ಕಿಗ

ಎಲ್ಲರಿಗೂ ತುಂಬಾ ಧನ್ಯವಾದ. ಬಾಟಲಿ ಪರೀಕ್ಷೆ ಮಾಡಿದೆ. ಫಿಲ್ಟರ್ ನೀರಿನ ಬಾಟಲಿಯಲ್ಲಿ ನೊರೆ ಮುಚ್ಚಳದವರೆಗೆ ಬಂತು, ಅರ್ಧ ಗಂಟೆ ಬಿಟ್ಟರೂ ನಾಲ್ಕು ಬೆರಳು ಇತ್ತು. ಮನೆಯ ಬೋರ್ ನೀರಿನದರಲ್ಲಿ ಒಂದು ಬೆರಳು ನೊರೆ, ಅದೂ ನೋಡನೋಡುತ್ತಲೇ ಇಳಿದು ಹೋಯಿತು. ನೀರು ಒಡೆದ ಹಾಲಿನ ಹಾಗೆ, ಮೇಲೆ ಬಿಳಿ ಚೂರು. ಮನೆಯಾಕೆಯನ್ನು ಕರೆದು ತೋರಿಸಿದೆ. ಬಟ್ಟೆ ಸೋಪು ಯಾಕೆ ಅಷ್ಟು ಬೇಗ ಮುಗಿಯುತ್ತದೆ ಅನ್ನೋದೂ ಅವಳಿಗೆ ಗೊತ್ತಾಯಿತು.

ನಮ್ಮ ಬೀದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಶೇವಿಂಗಿಗೆ ಅದರಲ್ಲಿ ಬೇಕಿರೋದು ಒಂದು ಚೊಂಬು. ಬಿಸಿ ಮಾಡಿ, ಅದೇ ₹80ರ ಬ್ರಷ್‌ನಲ್ಲಿ ಅಣ್ಣ ಹೇಳಿದ ಹಾಗೆ ಮೂರು ಸಲ ನೀರು ತಾಗಿಸಿ ತಿರುಗಿಸಿದೆ. ನೊರೆ ಎರಡೂ ಕೆನ್ನೆ ಮುಗಿಯುವವರೆಗೂ ಒದ್ದೆಯಾಗೇ ಇತ್ತು. ಕತ್ತು ಉರಿಯಲಿಲ್ಲ. ಇವತ್ತಿಗೆ ಐದು ದಿನ.

ಬ್ಯಾಜರ್ ಆಸೆ ಪೂರ್ತಿ ಹೋಗಿಲ್ಲ ಅನ್ನೋದು ನಿಜ. ಆದರೆ ಆ ಪ್ರಾಣಿಯ ವಿಷಯ ಓದಿದ ಮೇಲೆ ಕೈ ಮುಂದೆ ಹೋಗುತ್ತಿಲ್ಲ. ಸಿಂಥೆಟಿಕ್ಕೇ ತೊಗೊಳ್ಳುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ಅಪ್ಪಾಜಿಯ ಬ್ರಷ್‌ನ ಹಿಡಿಗೆ ಹೊಸ ಕೂದಲು ಕೂರಿಸೋಕೆ ಆಗುತ್ತಾ?

ಚಂದ್ರವಳ್ಳಿ ನಡಿಗೆ

ಖಂಡಿತ ಆಗುತ್ತದೆ ಅಣ್ಣಾ. ಕೂದಲಿನ ಗೊಂಚಲು ಬಿಡಿಯಾಗಿ ಸಿಗುತ್ತದೆ, ನಾಟ್ ಅಂತ ಹುಡುಕಿ. ಬುಡದ ಅಗಲ ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ, 22, 24, 26 ಹೀಗೆ. ಮೊದಲು ಹಿಡಿಯ ಬಾಯಿ ಅಳೆದುಕೊಳ್ಳಿ. ಹಳೇ ಕೂದಲನ್ನು ಬುಡಕ್ಕೆ ಕತ್ತರಿಸಿ, ಒಳಗಿನ ಅಂಟನ್ನು ಲೇತ್ ಕೆಲಸದವರ ಹತ್ತಿರ ತೆಗೆಸಿ. ಪ್ಲಾಸ್ಟಿಕ್ ಆದರೆ ನಿಧಾನಕ್ಕೆ ಕೊರೆಯಲು ಹೇಳಿ, ಬಿಸಿಯಾದರೆ ಕರಗುತ್ತದೆ. ಅಂಟು ಹಾಕುವ ಮೊದಲು ನಾಟ್ ಒಣದಾಗಿ ಕೂರಿಸಿ ಎತ್ತರ ನೋಡಿ. ಹಿಡಿಯ ಮೇಲೆ ಕೂದಲು ಐದು ಸೆಂಟಿಮೀಟರ್ ಆಸುಪಾಸು ಇದ್ದರೆ ಚೆನ್ನ. ತೀರಾ ಉದ್ದ ಬಿಟ್ಟರೆ ಜೋಲುತ್ತದೆ. ಆಮೇಲೆ ಅರಾಲ್ಡೈಟ್.

ಮಂಡಿಪೇಟೆ ಲೆಕ್ಕಿಗ

24 ಮಿಲಿಮೀಟರಿನ ಸಿಂಥೆಟಿಕ್ ನಾಟ್ ₹450ಕ್ಕೆ ಬಂತು. ಪಿ.ಬಿ. ರಸ್ತೆಯ ಕಡೆ ಒಬ್ಬ ಲೇತಿನವರು ಹಿಡಿಯ ಬಾಯಿ ಅಗಲ ಮಾಡಿಕೊಟ್ಟರು, ₹50 ಕೊಟ್ಟೆ. ಒಳಗಿಂದ ಬಂದ ಹಳೇ ಅಂಟು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಹಿಡಿಯ ಒಂದು ಬದಿ ಅಪ್ಪಾಜಿಯ ಹೆಬ್ಬೆರಳು ಕೂರುತ್ತಿದ್ದ ಕಡೆ ಸ್ವಲ್ಪ ಸವೆದಿದೆ. ಪಾಲಿಶ್ ಮಾಡಿಕೊಡಲಾ ಅಂತ ಲೇತಿನವರು ಕೇಳಿದರು, ಬೇಡ ಅಂದೆ.

ಈಗ ಅರಾಲ್ಡೈಟ್ ಹಾಕಿ ಕಿಟಕಿಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ನಾಳೆ ರಾತ್ರಿಯವರೆಗೂ ಮುಟ್ಟಲ್ಲ.