ಅಪ್‌ಡೇಟ್: ವಿಂಡೋಸ್, ಉಬುಂಟು ಫೈಲ್ ತಾಪತ್ರಯ ಬಗೆಹರಿಯಿತು

ಹೋದ ತಿಂಗಳು ಕೇಳಿದ್ದೆನಲ್ಲ, ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡೂ ಇವೆ, ಇಲ್ಲಿ ತಿದ್ದಿದ ಫೈಲ್ ಅಲ್ಲಿ ಹಳೆಯದಾಗಿಯೇ ಇರುತ್ತದೆ, ಸಿಂಕ್ ಮಾಡೋದು ಹೇಗೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ, ಸಿಂಕ್ ಬೇಕಾಗಿಯೇ ಇರಲಿಲ್ಲ. ಎರಡು ಪ್ರತಿ ಇದ್ದರೆ ತಾನೇ ಹೊಂದಿಸುವ ಮಾತು?

ಡಿಸ್ಕ್‌ನಲ್ಲಿ 200 ಜಿಬಿ ಬಿಡಿಸಿಕೊಂಡು ವಿಂಡೋಸ್, ಉಬುಂಟು ಎರಡೂ ಓದಿ ಬರೆಯಬಲ್ಲ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್ (ಡಿಸ್ಕ್‌ನ ಪ್ರತ್ಯೇಕ ಭಾಗ) ಮಾಡಿದೆ, ಡಾಕ್ಯುಮೆಂಟ್ಸ್, ಫೋಟೋ ಎಲ್ಲ ಅಲ್ಲಿಗೇ ಹಾಕಿದೆ. ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಉಬುಂಟು ನೋಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಕೊಟ್ಟು ಒಂದು ಸಾಲು ಬರೆದ ಮೇಲೆ ಉಬುಂಟು ಶುರುವಾದಾಗ ತಾನಾಗಿಯೇ ಮೌಂಟ್ ಆಗುತ್ತದೆ, ಅಂದರೆ ಬಳಕೆಗೆ ಸಿಗುತ್ತದೆ.

ಆದರೆ ಮೊದಲ ದಿನವೇ ಒಂದು ಪತ್ರ ಸೇವ್ ಮಾಡಲು ಹೋದರೆ ‘ರೀಡ್ ಓನ್ಲಿ’ (ಓದಬಹುದು, ಬರೆಯುವಂತಿಲ್ಲ) ಅಂತ ಬಂತು. ಕಾರಣ, ವಿಂಡೋಸ್ ಬೇಗ ಶುರುವಾಗಲಿ ಅಂತ ಇರುವ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್ (ವಿಂಡೋಸ್‌ನ ತಿರುಳು) ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ಪಾರ್ಟಿಷನ್ ಇನ್ನೂ ಬಳಕೆಯಲ್ಲಿದೆ ಅನ್ನೋ ಗುರುತು ಹಾಗೇ ಉಳಿಯುತ್ತದೆ, ಅದಕ್ಕೇ ಲಿನಕ್ಸ್ ಬರೆಯಲು ಬಿಡುವುದಿಲ್ಲ. ಬಿಡದೇ ಇದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಫೈಲ್‌ಗಳು ಕೆಡುವ ಭಯ ಇತ್ತು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಆ ಟಿಕ್ ತೆಗೆದೆ. ಹೈಬರ್ನೇಟ್ ಮಾಡುವುದನ್ನೂ (ತೆರೆದಿದ್ದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಆಫ್ ಮಾಡುವುದು) ಬಿಟ್ಟೆ, ಅದರಲ್ಲೂ ಇದೇ ತೊಂದರೆ. ಸರಿಹೋಯಿತು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿರಲಿಲ್ಲ. ಉಬುಂಟುವಿನಲ್ಲಿ ‘ಸಭೆ 10:30’ ಅಂತ ಹೆಸರಿಟ್ಟ ಫೈಲ್ ವಿಂಡೋಸ್‌ನಲ್ಲಿ ತೆರೆಯಲೇ ಇಲ್ಲ. ಹೆಸರಿನ ನಡುವೆ ಆ ಎರಡು ಚುಕ್ಕಿ ಇರುವುದು ಅಲ್ಲಿ ನಡೆಯುವುದಿಲ್ಲ. ಈಗ ಸುಮ್ನೆ ಅಡ್ಡಗೆರೆ ಹಾಕುತ್ತೇನೆ.

ಈಗ ಇರುವುದು ಒಂದೇ ಪ್ರತಿ ಅಲ್ವಾ, ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ಹಾಗಾಗಿ ಪ್ರತಿ ಭಾನುವಾರ ಬೇರೆ ಹಾರ್ಡ್ ಡಿಸ್ಕ್‌ಗೆ ಆರ್‌ಸಿಂಕ್ ಅನ್ನೋ ಕಾಪಿ ಮಾಡುವ ಪ್ರೋಗ್ರಾಂನಲ್ಲಿ ಬ್ಯಾಕಪ್ ತೆಗೆಯುತ್ತಿದ್ದೇನೆ.